ಲಿಫ್ಟಿಗೆ ಹೂಂ ಅನ್ನುವವಳು

ಸಾನಪಾಡಾದ ಆ ಹಳೆಯ ಬಿಲ್ಡಿಂಗಿನ ಲಿಫ್ಟ್ ರಿಪೇರಿ ಮಾಡಿದವನು ಅದರ ಇಂಟರ್‌ಕಾಮಿನ ತಂತಿಯನ್ನು ವಾಚ್‌ಮನ್ನನ ಕೋಣೆಗೆ ಜೋಡಿಸುವ ಬದಲು ನಾಲ್ಕನೆಯ ಮಹಡಿಯ ಮಾಲಾಳ ಮನೆಯ ಫೋನಿಗೆ ಜೋಡಿಸಿ ಹೋದ.

ಮಾಲಾಳ ಗಂಡ ವಿಠಲ ತೀರಿಕೊಂಡದ್ದು ಆ ಮಳೆಗಾಲದಲ್ಲೇ. ಅವಳು ಅತ್ತಿರಲಿಲ್ಲ. ಸಮಾಧಾನ ಹೇಳಲು ಬಂದವರೆಲ್ಲ ತಾವೇ ಮಾತಾಡಿ ಚಹಾ ಕುಡಿದು ಹೋಗಿದ್ದರು. ಎದುರುಮನೆಯ ಸುಶೀಲಾಬಾಯಿಯಂತೂ ತಮ್ಮ ಮೊಣಕಾಲಿನ ಆಪರೇಷನ್ನಿನಿಂದ ಶುರುಮಾಡಿ ಮೈದುನನ ಡೈವೋರ್ಸಿನವರೆಗೆ ಬಂದು, "ಇರ್ಲಿ ಬಿಡವಾ, ನಿಂದೂ ಒಮ್ಮೆ ಹೇಳೀಯಂತ," ಎಂದು ಎದ್ದಿದ್ದರು. ಆ ಒಮ್ಮೆ ಬಂದಿರಲಿಲ್ಲ.

ಮೊದಲು ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಐದನೆಯ ಮಹಡಿಯ ಈರುಳ್ಳಿ ವ್ಯಾಪಾರಿ ಮುರುಗೆಪ್ಪನವರು.

"ಲಿಫ್ಟ್ ಬಂದ್ ಬಿದ್ದೈತ್ರೀ! ಯಾರದೀರಿ?"

ಮನೆಯಲ್ಲಿ ರಿಂಗಾದ ಫೋನನ್ನು ಮಾಲಾ ಎತ್ತಿ ಕಿವಿಗಿಟ್ಟುಕೊಂಡಿದ್ದಳು. "ಹೂಂ," ಅಂದಳು.

"ಉಸಿರು ಕಟ್ಟಾಕತ್ತೈತಿ."

"ಹೂಂ."

"ಇವತ್ತೊಂದ ದಿನ ಅಲ್ಲ ಬಿಡ್ರಿ. ಮಗಳು ಮಾತು ಬಿಟ್ಟಾಗಿಂದ ಹಿಂಗ."

"ಹೂಂ."

ವಿಜಯಪುರದಲ್ಲಿ ಅಜ್ಜಿ ಕಥೆ ಹೇಳುವಾಗ ಹೂಂಗುಡುವ ಕೆಲಸ ಯಾವಾಗಲೂ ಮಾಲಾಳದೇ ಆಗಿತ್ತು. ನಡುವೆ ಬುದ್ಧಿ ಹೇಳುವಂತಿಲ್ಲ, ನಿದ್ದೆ ಹೋಗುವಂತಿಲ್ಲ. ಹೂಂ ನಿಂತರೆ ಕಥೆ ಹಾದಿ ತಪ್ಪಿ ಯಾರದೋ ಹೊಲ ಸೇರುತ್ತದೆ ಎಂದು ಅಜ್ಜಿ ಹೆದರಿಸುತ್ತಿದ್ದಳು.

ಮೆಕ್ಯಾನಿಕ್ ಬಂದು ಬಾಗಿಲು ತೆರೆದಾಗ ಮುರುಗೆಪ್ಪನವರು, "ತಡಿಯೋ, ಇನ್ನೂ ಮುಗದಿಲ್ಲ," ಎಂದು ಗದರಿ ಬಾಗಿಲು ಎಳೆದುಕೊಂಡರು.

ಸುದ್ದಿ ಹಬ್ಬಿತು. ಒಳಗಿನ ಜಾಲರಿ ಬಾಗಿಲನ್ನು ತುಸು ಎಳೆದರೆ ಲಿಫ್ಟ್ ಎಲ್ಲಿದ್ದರಲ್ಲಿ ನಿಲ್ಲುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು. ದಸರೆಯ ಹೊತ್ತಿಗೆ ಕೆಳಗೆ ಕುರ್ಚಿಗಳ ಸಾಲು ಬಿದ್ದಿತ್ತು. ವಿಠ್ಠಲವಾಡಿಯಿಂದ ಒಬ್ಬಾಕೆ ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿ, ಬುತ್ತಿ ಕಟ್ಟಿಕೊಂಡು ಬಂದಳು. ಬಿಲ್ಡಿಂಗಿನ ಉಳಿದವರು ಹಾಲು, ತರಕಾರಿ ಹೊತ್ತು ಮೆಟ್ಟಿಲು ಹತ್ತಿದರು. ನಿಂತ ಲಿಫ್ಟಿನ ಪಕ್ಕ ಹಾಯುವಾಗ ಸದ್ದಾಗದಿರಲೆಂದು ಚಪ್ಪಲಿ ಕೈಗೆತ್ತಿಕೊಳ್ಳುತ್ತಿದ್ದರು.

ಸೆಕ್ರೆಟರಿ ಸಂಕರ್ಷಣರಾಯರು ಬೋರ್ಡು ಹಾಕಿಸಿದರು: "ದುಃಖಕ್ಕಾಗಿ ಲಿಫ್ಟ್ ನಿಲ್ಲಿಸತಕ್ಕದ್ದಲ್ಲ." ಫಲವಾಗದೆ ಮಾಲಾಳ ಮನೆಗೇ ಬಂದರು.

"ನೋಡಮ್ಮ, ನಾಳೆ ಬೆಳಿಗ್ಗೆ ಆ ವೈರ್ ಕಟ್ ಮಾಡಿಸ್ತೀನಿ. ಲಿಫ್ಟ್ ಅಂದ್ರೆ ಮೇಲೆ ಹೋಗಬೇಕು, ಇಲ್ಲಾ ಕೆಳಗೆ ಬರಬೇಕು."

"ಹೂಂ."

"ಹೂಂ ಅನ್ನಬೇಡಿ, ಪ್ಲೀಸ್. ನನಗೆ ಟೈಮಿಲ್ಲ," ಎಂದ ರಾಯರು ಅಲ್ಲೇ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕುಳಿತು, ಕತ್ತಲಾದ ಮೇಲೆ ಕಣ್ಣೊರೆಸಿಕೊಂಡು ಎದ್ದರು. ಆದರೆ ವೈರಿನ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಬೆಳಗಾಯಿತು. ಇಡೀ ಬಿಲ್ಡಿಂಗಿನಲ್ಲಿ ಲಿಫ್ಟಿನೊಳಗಿನ ಇಂಟರ್‌ಕಾಮಿನ ಗುಂಡಿ ಒತ್ತಿ ಪ್ರಯೋಜನವಿಲ್ಲದವಳು ಮಾಲಾ ಒಬ್ಬಳೇ. ಅವಳು ಒತ್ತಿದರೆ ಖಾಲಿ ಮನೆಯಲ್ಲಿ ರಿಂಗಾಗುತ್ತದೆ. ಅವಳು ಸುಶೀಲಾಬಾಯಿಯನ್ನು ಕೈಹಿಡಿದು ತಂದು ಫೋನಿನ ಮುಂದೆ ಕೂರಿಸಿದಳು.

"ಕಾಕೂ, ಇದು ಬಾರಿಸಿದ್ರ ಎತ್ತಿ ಹೂಂ ಅನ್ರಿ. ಬ್ಯಾರೆ ಏನೂ ಅನಬ್ಯಾಡ್ರಿ."

"ಅಷ್ಟ ಏನು? ಅದರಾಗೇನೈತಿ! ನನ್ನ ಮೊಣಕಾಲ ಆಪರೇಷನ್ನಿನ್ಯಾಗೂ ಡಾಕ್ಟರು ಹಿಂಗ..."

ಮಾಲಾ ಆಗಲೇ ಲಿಫ್ಟಿನೊಳಗಿದ್ದಳು. ಎರಡು ಮಹಡಿಗಳ ನಡುವೆ ಜಾಲರಿ ಎಳೆದಳು. ಗುಂಡಿ ಒತ್ತಿದಳು.

"ಅವರು ಹೋದ ದಿನ ಡಬ್ಬಿಗೆ ಬಟಾಟಿ ಪಲ್ಯ ಕಟ್ಟಿ ಕೊಟ್ಟಿದ್ದೆ," ಅಂದಳು. "ದವಾಖಾನಿಯಿಂದ ಅವರ ಸಾಮಾನಿನ ಜೋಡಿ ಡಬ್ಬಿನೂ ಬಂತು."

"ಬಟಾಟಿ ಅಂದ್ರ ನಮ್ಮ ಮೈದುನ..." ಎಂದು ಆ ಕಡೆ ಶುರುವಾದದ್ದು ತಟ್ಟನೆ ನಿಂತಿತು. ಬಾಯಿಗೆ ಸೆರಗು ತುರುಕಿಕೊಂಡಂಥ ಸದ್ದು. ಆಮೇಲೆ, ಭಾರ ಎತ್ತಿದವರ ಹಾಗೆ, ಸುಶೀಲಾಬಾಯಿ ಅಂದರು:

"ಹೂಂ."

"ತಗದು ನೋಡಿದೆ. ಖಾಲಿ ಇತ್ತು, ಕಾಕೂ. ಪೂರಾ ಉಂಡಿದ್ರು."

"ಹೂಂ."

ಮಾಲಾ ಲಿಫ್ಟಿನ ನೆಲದ ಮೇಲೆ ಕುಳಿತು ಜೋರಾಗಿ ಅತ್ತಳು.

ಇಕ್ಕಳ ಹಿಡಿದು ಮೆಟ್ಟಿಲು ಹತ್ತುತ್ತಿದ್ದ ಮೆಕ್ಯಾನಿಕ್ ಅಲ್ಲೇ ನಿಂತ. ಹಿಂದಿದ್ದ ರಾಯರು ಅವನ ಭುಜ ಒತ್ತಿ ಕೂರಿಸಿ, ತಾವೂ ಚಪ್ಪಲಿ ಬಿಟ್ಟು ಪಕ್ಕದ ಮೆಟ್ಟಿಲಿನ ಮೇಲೆ ಕುಳಿತರು.