ಮಿನೆಗಿಶಿ ಡಾಕ್ಟರು ಕಾದ ತುಕ್ಕು

ಹಗಲಿಡೀ ಊರಿನವರಿಗೆಲ್ಲ "ಬಾಯಿ ತೆರೀರಿ, ಇನ್ನೂ ದೊಡ್ಡದಾಗಿ ತೆರೀರಿ" ಎಂದು ಹೇಳಿ ಹೊಟ್ಟೆ ಹೊರೆದುಕೊಂಡ ಮನುಷ್ಯನೊಬ್ಬ ಸಂಜೆಯಾದೊಡನೆ ಅದೇ ಊರಿನವರಿಗೆ "ಬಾಯಿ ಮುಚ್ಚಿ" ಎಂದು ಗದರಿಸುತ್ತಿದ್ದನೆಂದರೆ ಹೊರಗಿನವರು ನಂಬಲಿಕ್ಕಿಲ್ಲ. ನಮ್ಮ ಒಸಾಫುನೆಯ ಹಲ್ಲಿನ ಡಾಕ್ಟರು ಮಿನೆಗಿಶಿ ತೋಕುಜಿಯವರು ಆಯುಷ್ಯದ ಮುಕ್ಕಾಲು ಪಾಲು ಮಾಡಿದ್ದು ಇದನ್ನೇ. ಒರೆಯಿಂದ ಹೊರಬಂದ ಪುರಾತನ ಖಡ್ಗದ ಮುಂದೆ ಯಾರಾದರೂ ಬೆರಗಿನಿಂದ "ಆಹಾ" ಎಂದರೂ ಅವರ ಹುಬ್ಬು ಗಂಟಿಕ್ಕುತ್ತಿತ್ತು, ಏಕೆಂದರೆ ಆ ಆಹಾಕಾರದೊಂದಿಗೆ ಹಾರಿದ ಉಗುಳಿನ ಒಂದು ಕಣ ಅಲಗಿನ ಮೇಲೆ ಕೂತರೆ ವಾರದೊಳಗೆ ಅಲ್ಲಿ ಕಲೆ ಏಳುತ್ತದೆ. ಮೆಚ್ಚುವುದಿದ್ದರೆ ಮನಸ್ಸಿನಲ್ಲೇ ಮೆಚ್ಚಬೇಕು, ಕತ್ತಿ ಒರೆಗೆ ಮರಳಿದ ಮೇಲೆ ಬೇಕಾದರೆ ಅಂಗಳಕ್ಕೆ ಹೋಗಿ ಕೂಗಾಡಬೇಕು, ಇದು ಅವರ ಶಾಸನ.

ಅವರ ಕೋಟೂ ಊರಿಗೆ ಪ್ರಸಿದ್ಧವೇ. ಕಂದುಬಣ್ಣದ ದಪ್ಪ ಉಣ್ಣೆಯ ಆ ಕೋಟಿಗೆ ಒಂದೇ ಒಂದು ಗುಂಡಿ ಇರಲಿಲ್ಲ. ಬಾಗಿ ನೋಡುವಾಗ ಗುಂಡಿ ತಗುಲಿ ಅಲಗಿಗೆ ಗೀರು ಬಿದ್ದೀತೆಂದು ಕೊಂಡುತಂದ ದಿನವೇ ಅಷ್ಟನ್ನೂ ಕತ್ತರಿಸಿ ಹಾಕಿ, ಸೊಂಟಕ್ಕೊಂದು ಹತ್ತಿಯ ಪಟ್ಟಿ ಬಿಗಿದುಕೊಂಡಿದ್ದರು. ಗಡಿಯಾರವಿಲ್ಲ, ಉಂಗುರವಿಲ್ಲ. ಹೆಂಡತಿ ಬದುಕಿದ್ದಾಗ ಮದುವೆಯ ಉಂಗುರ ಎಲ್ಲಿ ಎಂದು ಕೇಳಿದ್ದಕ್ಕೆ, "ಉಪ್ಪಿನಕಾಯಿ ಭರಣಿ ಹಿಂದೆ ಇದೆ, ಅದಕ್ಕೇನೂ ಆಗಿಲ್ಲ" ಎಂದಿದ್ದರಂತೆ. ನಡೆಯುವಾಗ ಎರಡೂ ತೋಳುಗಳನ್ನು ಮುಂದೆ ಚಾಚಿ, ಮಲಗಿದ ಮಗುವನ್ನು ಒಯ್ಯುವವರ ಹಾಗೆ ನಡೆಯುತ್ತಿದ್ದರು. ಬಾಗಿಲು ಬಂದರೆ ಬರಿಗೈಯಲ್ಲಿದ್ದರೂ ಅಡ್ಡ ತಿರುಗಿಯೇ ಒಳಹೊಗುತ್ತಿದ್ದರು. ಕೋಟಿನ ಜೇಬಿನಲ್ಲಿ ಚಿಂದಿಬಟ್ಟೆಯಲ್ಲಿ ಸುತ್ತಿದ ಹಳೆಯ ಕಾಲದ ತಂತಿಯ ಬಲ್ಬೊಂದು ಸದಾ ಇರುತ್ತಿತ್ತು. ಈಗಿನ ಬಿಳಿ ದೀಪಗಳಲ್ಲಿ ಉಕ್ಕು ಸತ್ತಂತೆ ಕಾಣುತ್ತದೆಂದು ಯಾರ ಮನೆಗೆ ಕತ್ತಿ ನೋಡಲು ಹೋದರೂ ಮೊದಲು ಕುರ್ಚಿ ಹತ್ತಿ ಅವರ ಬಲ್ಬು ಕಳಚಿ ತಮ್ಮದನ್ನು ಹಾಕುತ್ತಿದ್ದರು. ಯಾವ ಪ್ರಶ್ನೆಗಾದರೂ ಅವರ ಮೊದಲ ಉತ್ತರ "ಬೆಳಕು ಸಾಲ್ದು." ಮಗನಿಗೆ ಹೆಣ್ಣು ನೋಡಿ ಬಂದಾಗ ಹುಡುಗಿ ಹೇಗಿದ್ದಾಳೆಂದು ಕೇಳಿದವರಿಗೂ ಹಾಗೆಯೇ ಅಂದರು.

ನಾನು ಅವರ ಕೈಗೆ ಸಿಕ್ಕಿದ್ದು ದವಡೆಹಲ್ಲಿನ ನೋವಿನಿಂದ. ಚಾಪೆ ಹೆಣೆದು ಮಾರುವ ನನಗೆ ಕತ್ತಿಯ ಗೊಡವೆ ಏನು? ಅಂದು ಇಕ್ಕಳ ಎತ್ತಿಕೊಳ್ಳುವ ಮೊದಲು ಅವರು ತಮ್ಮ ಜೇಬಿನಿಂದ ಒಂದು ಕಬ್ಬಿಣದ ಬಿಲ್ಲೆ ತೆಗೆದು ನನ್ನ ಅಂಗೈಯಲ್ಲಿಟ್ಟು ಮುಚ್ಚಿದರು. ಕತ್ತಿಯ ಹಿಡಿಗೂ ಅಲಗಿಗೂ ನಡುವೆ ಕೂರುವ ಬಿಲ್ಲೆ ಅದು, ತ್ಸುಬಾ.

"ಗಟ್ಟಿಯಾಗಿ ಹಿಡ್ಕೊ ಹಿರಾತಾ. ಕಣ್ಣು ಮುಚ್ಚು. ಅದರಲ್ಲಿ ಏನು ಕೊರೆದಿದ್ದಾರೆ ಅಂತ ಬೆರಳಲ್ಲೇ ಹುಡುಕು."

ನಾನು ಹುಡುಕುತ್ತಿರುವಾಗಲೇ ಹಲ್ಲು ಹೊರಬಂದಿತ್ತು. ಬಾಯ್ತುಂಬ ಹತ್ತಿ ಇದ್ದರೂ "ಏಡಿ" ಎಂದೆ. ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು! ಹಲ್ಲು ಕಿತ್ತಿದ್ದಕ್ಕೆ ದುಡ್ಡು ತೆಗೆದುಕೊಂಡರು, ಅದನ್ನೇನೂ ಬಿಡಲಿಲ್ಲ. ಆದರೆ ಮುಂದಿನ ಭಾನುವಾರ ದೇವಾಲಯದ ಹಜಾರಕ್ಕೆ ಬಾ ಎಂದರು. ಆ ಏಡಿಯ ಬಿಲ್ಲೆಯನ್ನು ಅವರು ಟಿವಿ ನೋಡುವಾಗ, ಬಸ್ಸಿಗೆ ಕಾಯುವಾಗ, ಪರರ ಶ್ರಾದ್ಧದಲ್ಲಿ ಕೂತಾಗಲೂ ಹತ್ತಿಬಟ್ಟೆಯಿಂದ ಉಜ್ಜುತ್ತಲೇ ಇರುತ್ತಿದ್ದರು. ಕಬ್ಬಿಣದ ಬಿಲ್ಲೆಗೆ ಹಾಗೆ ಉಜ್ಜುವುದೇ ಆರೈಕೆ. ವರ್ಷಗಳು ಕಳೆದಂತೆ ಅದಕ್ಕೆ ಗಾಢವಾದ, ಆಳವಾದ ಕಪ್ಪು ಕಾಂತಿ ಬರುತ್ತದೆ.

ಭಾನುವಾರದ ಆ ಕೂಟ ನಮ್ಮೂರಿನ ದೊಡ್ಡ ಸಡಗರ. ಕತ್ತಿಯ ಹಿಡಿ ಕಳಚದೆ ಅಲಗನ್ನಷ್ಟೇ ಮುಂದಿಡುತ್ತಾರೆ; ನೋಡಿದವರು ಇದನ್ನು ತಟ್ಟಿದ ಕಮ್ಮಾರ ಯಾರೆಂದು ಊಹಿಸಿ ಚೀಟಿಯಲ್ಲಿ ಬರೆದು ಪರೀಕ್ಷಕರಿಗೆ ಕೊಡುತ್ತಾರೆ. ಆಮೇಲೆ ಹಿಡಿ ಕಳಚಿದರೆ ಅದರೊಳಗಿದ್ದ ಅಲಗಿನ ಬುಡದಲ್ಲಿ ಕಮ್ಮಾರನ ಹೆಸರು ಕಾಣುತ್ತದೆ. ನಾನು ಸೇರಿದಂದಿನಿಂದಲೂ ಆ ಪರೀಕ್ಷಕರ ಪೀಠ ಡಾಕ್ಟರದು. ಅದರ ಮೇಲೆ ಕಣ್ಣಿಟ್ಟಿದ್ದವರು ಸಾಕೆ ಎಂಬ ಅಕ್ಕಿಮದ್ಯದ ಭಟ್ಟಿಯ ಮಾಲೀಕ ಉಸುಕಿ, ದೊಡ್ಡ ಗಂಟಲಿನ, ದೊಡ್ಡ ಮನಸ್ಸಿನ, ಸದಾ ತಪ್ಪು ಊಹಿಸುವ ಮನುಷ್ಯ. ಅವರ ಚೀಟಿ ನೋಡಿ ಡಾಕ್ಟರು "ಬೆಳಕು ಸಾಲ್ದು" ಅಂದಾಗಲೆಲ್ಲ ಹಜಾರ ನಗುತ್ತಿತ್ತು, ಉಸುಕಿಯವರ ಕಿವಿ ಕೆಂಪಾಗುತ್ತಿತ್ತು.

ಡಾಕ್ಟರ ಬಳಿ ಇದ್ದ ಕತ್ತಿಗಳಲ್ಲಿ ಒಂದನ್ನು ಮಾತ್ರ ಅವರು ವರ್ಷಕ್ಕೊಮ್ಮೆ, ಶರತ್ಕಾಲದ ಕೂಟಕ್ಕಷ್ಟೇ ತರುತ್ತಿದ್ದರು. ಏಳುನೂರು ವರ್ಷಗಳ ಹಿಂದೆ ನಮ್ಮ ಯೋಶಿಈ ಹೊಳೆಯ ದಂಡೆಯಲ್ಲೇ ಹುಟ್ಟಿದ ಅಲಗು ಅದು. ಅಂಚಿನುದ್ದಕ್ಕೂ ಲವಂಗದ ಮೊಗ್ಗುಗಳನ್ನು ಜೋಡಿಸಿದಂತೆ ಏರಿಳಿಯುವ ಶ್ವೇತರೇಖೆ, ಅದರ ಮೇಲ್ಗಡೆ ಹೊಳೆಯ ಮೇಲಿನ ಬೆಳಗಿನ ಮಂಜಿನಂಥ ಮಸುಕು ಛಾಯೆ. ಎಷ್ಟು ಸಲ ನೋಡಿದರೂ ಈ ಮಂಜು ಉಕ್ಕಿನೊಳಗೆ ಹೇಗೆ ಹೊಕ್ಕಿತು ಎಂಬ ಕುತೂಹಲ ನನಗೆ ಇಂದಿಗೂ ತಣಿದಿಲ್ಲ. ಆದರೆ ಡಾಕ್ಟರು ಹೆಚ್ಚು ಹೊತ್ತು ನೋಡುತ್ತಿದ್ದದ್ದು ಹಿಡಿಯೊಳಗಿನ ಬುಡವನ್ನು. ಅಲ್ಲಿ ಕರಿಗಂದು ತುಕ್ಕು ಪದರಗಟ್ಟಿ ನುಣುಪಾಗಿ ಕೂತಿತ್ತು. ಹೆಸರನ್ನು ಯಾವ ಕಳ್ಳನೂ ಕೆತ್ತಿಯಾನು, ಏಳುನೂರು ವರ್ಷದ ತುಕ್ಕನ್ನು ಯಾರೂ ಬೆಳೆಸಲಾರರು. ಹಾಗಾಗಿ ಕತ್ತಿಯ ನಿಜವಾದ ಸಾಕ್ಷಿ ಆ ತುಕ್ಕೇ. ಅಲಗಿನ ಮೇಲೆ ಸಾಸಿವೆಯಷ್ಟು ತುಕ್ಕು ಕಂಡರೂ ಎದೆ ಒಡೆದುಕೊಳ್ಳುವ ನಾವು ಬುಡದ ತುಕ್ಕಿಗೆ ಬೆರಳನ್ನೂ ಸೋಕಿಸುವುದಿಲ್ಲ. ಇದನ್ನು ನಮ್ಮಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಹಾಲಿಗೆ ಉಪ್ಪು ಹಾಕಬೇಡವೆಂದು ಯಾರೂ ಹೇಳಿಕೊಡದ ಹಾಗೆ.

ಹೇಳಿಕೊಡದೆ ಹೋದದ್ದೇ ತಪ್ಪಾಯಿತು. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಡಾಕ್ಟರು ಆಸ್ಪತ್ರೆಗೆ ಸೇರಿದ ವರ್ಷ, ಶರತ್ಕಾಲದ ಕೂಟಕ್ಕೆ ಮುಂಚೆ ಆ ಕತ್ತಿಗೆ ಎಣ್ಣೆ ಬದಲಿಸುವ ಕೆಲಸ ಸೊಸೆ ಚಿಗುಸಾಳ ಪಾಲಿಗೆ ಬಂತು. ಬಿದಿರಿನ ಮೊಳೆ ತಟ್ಟಿ ಹಿಡಿ ಕಳಚುವುದು, ಹಳೆ ಎಣ್ಣೆ ಒರೆಸುವುದು, ಸಾಣೆಕಲ್ಲಿನ ನಯವಾದ ಪುಡಿ ತಟ್ಟುವುದು, ಹೊಸ ಎಣ್ಣೆ ಸವರುವುದು ಎಲ್ಲವನ್ನೂ ಅವರು ಹೇಳಿದ್ದರು. "ತುಕ್ಕು ಇದೆಯಾ ಅಂತ ಚೆನ್ನಾಗಿ ನೋಡಮ್ಮ" ಎಂದೂ ಹೇಳಿದ್ದರು. ಚಿಗುಸಾ ಹಿನಾಸೆಯ ಕಡಲಲ್ಲಿ ಸಿಂಪಿ ಸಾಕುವವರ ಮನೆಯ ಮಗಳು. ಉಪ್ಪುನೀರಿನ ಆ ಊರಲ್ಲಿ ಚಾಕುವಿಗೆ ತುಕ್ಕು ಹಿಡಿದರೆ ಆ ಮನೆಯ ಹೆಂಗಸು ಸೋಮಾರಿ ಎಂದೇ ಲೆಕ್ಕ.

ಆಸ್ಪತ್ರೆಯಿಂದ ಡಾಕ್ಟರನ್ನು ಕರೆತಂದವನು ನಾನೇ. ಹೊಸ ಕಣ್ಣುಗಳಿಂದ ಅವರು ಮನೆಯ ಗೋಡೆ, ಕಿಟಕಿ, ನನ್ನ ಮುಖ, ಎಲ್ಲವನ್ನೂ ಮಗುವಿನಂತೆ ದಿಟ್ಟಿಸುತ್ತಿದ್ದರು. "ಹಿರಾತಾ, ನಿಂಗೆ ಇಷ್ಟೊಂದು ವಯಸ್ಸಾಗಿದೆ ಅಂತ ಯಾರೂ ಹೇಳ್ಲೇ ಇಲ್ವಲ್ಲಯ್ಯ!" ಎಂದು ನಕ್ಕರು. ಅಷ್ಟರಲ್ಲಿ ಚಿಗುಸಾ ಕತ್ತಿಯನ್ನು ತಂದು, ರೇಷ್ಮೆಬಟ್ಟೆ ಹಾಸಿ, ಹಿಡಿ ಕಳಚಿ ಇಟ್ಟಳು. ಅವಳ ಮುಖದಲ್ಲಿ ಹಬ್ಬವಿತ್ತು.

"ಮಾವ, ನೋಡಿ ಇಲ್ಲಿ. ಪಾಪ, ಕಣ್ಣು ಕಾಣ್ದೆ ಎಷ್ಟು ವರ್ಷದಿಂದ ಬಿಟ್ಟಿದ್ರೋ ಏನೋ, ಹಿಡಿ ಒಳಗೆಲ್ಲ ತುಕ್ಕು ಅಂದ್ರೆ ತುಕ್ಕು! ನಮ್ಮಮ್ಮ ಸಿಂಪಿ ಚಾಕು ತಿಕ್ಕೋ ಹಾಗೆ ಬೂದಿ ಹಾಕಿ ತಿಕ್ಕಿದೆ. ನೀವು ದಿನಾ ಆ ಬಿಲ್ಲೆ ಉಜ್ಜೋದನ್ನ ನೋಡಿ ನೋಡಿ ನಂಗೂ ಬಂತು."

ಬುಡ ಹೊಸ ಚಮಚದಂತೆ ಫಳಫಳ ಹೊಳೆಯುತ್ತಿತ್ತು. ನಾನು ಕೂಗಲು ಬಾಯಿ ತೆರೆದೆ. ಡಾಕ್ಟರು ನನ್ನತ್ತ ತಿರುಗದೆಯೇ ತುಟಿಯ ಮೇಲೆ ಬೆರಳಿಟ್ಟರು. ಬಹಳ ಹೊತ್ತು ನೋಡಿದರು. ಹೊಸ ಕಣ್ಣುಗಳಿಗೆ ಮೊದಲು ಕಾಣಬೇಕಾಗಿದ್ದದ್ದು ಇದೇ ಏನೋ ಎಂದು ನನಗೆ ಅಳುವೇ ಬಂತು.

ಕೊನೆಗೆ ಅವರು ಸೊಸೆಯ ಕೈ ಕಡೆ ನೋಡಿ, "ತಿಕ್ಕಿ ತಿಕ್ಕಿ ಬೆರಳು ನೋವಾಯ್ತಾ?" ಎಂದರು.

"ಎರಡು ದಿನ ಚಾಪ್‌ಸ್ಟಿಕ್ ಹಿಡಿಯೋಕಾಗ್ಲಿಲ್ಲ ಮಾವ" ಎಂದು ಅವಳು ಹೆಮ್ಮೆಯಿಂದ ನಕ್ಕಳು.

ಆಮೇಲೆ ಅಂಗಳದಲ್ಲಿ ನಾನು ಅವರನ್ನು ಹಿಡಿದುಕೊಂಡೆ. "ಈ ವರ್ಷ ಬೇರೆ ಕತ್ತಿ ಇಡಿ ಡಾಕ್ಟ್ರೇ. ಇದರ ಹಿಡಿ ಇನ್ನು ಯಾರ ಮುಂದೆಯೂ ತೆಗೀಬೇಡಿ. ಯಾರಿಗೂ ಗೊತ್ತಾಗಲ್ಲ."

"ಇವತ್ತು ಗೊತ್ತಾಗಲ್ಲ. ನಾನು ಹೋದ್ಮೇಲೆ ಯಾರೋ ತೆಗೀತಾರೆ. ಬುಡ ಹೊಸದು, ಹೆಸರು ಸುಳ್ಳು ಅಂತಾರೆ. ಹಳೇ ತುಕ್ಕು ನೋಡಿರೋ ಜನ ಈಗ ಬದುಕಿದ್ದಾರೆ, ಅವರ ಮುಂದೆ ಈಗ್ಲೇ ಇಡ್ಬೇಕು."

"ಇಟ್ರೆ ಯಾರು ತಿಕ್ಕಿದ್ದು ಅಂತ ಕೇಳಲ್ವಾ?"

"ಕೇಳ್ತಾರೆ" ಎಂದರು. ಏಡಿಯ ಬಿಲ್ಲೆ ಅವರ ಕೈಯಲ್ಲಿ ಸುಮ್ಮನಿತ್ತು. ಅದನ್ನು ಉಜ್ಜದೆ ಹಿಡಿದುಕೊಂಡಿದ್ದನ್ನು ನಾನು ಕಂಡದ್ದು ಅಂದೊಂದೇ ಸಲ.

ಕೂಟದ ದಿನ ಅವರು ಎಂದಿನಂತೆ ಬಲ್ಬು ಬದಲಿಸಿ, ಎಂದಿನಂತೆ ಎಲ್ಲರ ಬಾಯಿ ಮುಚ್ಚಿಸಿ, ಕತ್ತಿಗೆ ತಲೆಬಾಗಿ, ತಾವೇ ಹಿಡಿ ಕಳಚಿದರು. ಹೊಳೆಯುವ ಬುಡ ಎಲ್ಲರ ಕಣ್ಣಿಗೆ ಬಿತ್ತು. ಕತ್ತಿ ಒರೆ ಸೇರುವವರೆಗೆ ಕಾದು ಉಸುಕಿಯವರು ಸಿಡಿದರು.

"ಯಾವನು ಮಾಡಿದ್ದು ಇದನ್ನ? ಯಾವ ಮುಠ್ಠಾಳ?"

"ನಾನೇ" ಎಂದರು ಡಾಕ್ಟರು. "ಕಣ್ಣು ಕಾಣ್ತಿರ್ಲಿಲ್ಲ. ಹೊಳೀಲಿ ಅಂತ ಆಸೆಯಾಯ್ತು."

"ಆಸೆಯಾಯ್ತಾ! ಇಷ್ಟು ವರ್ಷ ನಮಗೆ ಉಗುಳು ನುಂಗಿಸಿದ್ಯಲ್ಲಯ್ಯ, ಕೆಮ್ಮೋಕೂ ಬಿಡ್ಲಿಲ್ವಲ್ಲಯ್ಯ! ನೀನು ಹೋಗಿ ಬುಡ ತಿಕ್ಕಿದ್ಯಾ? ಇನ್ನು ಆ ಪೀಠದಲ್ಲಿ ಯಾವ ಮುಖ ಇಟ್ಕೊಂಡು ಕೂರ್ತೀಯ?"

"ಕೂರಲ್ಲ" ಎಂದು ಡಾಕ್ಟರು ಎದ್ದರು. "ಒಂದೇ ಕೇಳ್ತೀನಿ. ಹಳೇ ತುಕ್ಕು ನೀವೆಲ್ಲ ನೋಡಿದ್ದೀರಿ. ನಾಳೆ ಯಾರಾದ್ರೂ ಕೇಳಿದ್ರೆ ಕತ್ತಿ ಸಾಚಾ ಅಂತ ಹೇಳಿ. ತಪ್ಪು ನನ್ನದು, ಅದರದಲ್ಲ."

ಉಸುಕಿಯವರ ಕೋಪ ಅಲ್ಲಿಗೆ ಇಳಿಯಿತು. ಅವರು ಅಳುವ ಹಂತಕ್ಕೆ ಬಂದಿದ್ದರು. ಬಾಗಿಲ ಬಳಿ, ಮಾವನನ್ನು ಕಾರಿನಲ್ಲಿ ಕರೆದೊಯ್ಯಲು ಬಂದು ನಿಂತಿದ್ದ ಚಿಗುಸಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಮುಂದೆ ಹೆಜ್ಜೆ ಇಟ್ಟದ್ದೂ, ಮಾವ ತುಟಿಯ ಮೇಲೆ ಬೆರಳಿಟ್ಟದ್ದೂ ನನಗೊಬ್ಬನಿಗೇ ಕಂಡಿತು.

ಕಾರಿನಲ್ಲಿ ಹಿಂದೆ ಕೂತು ನಾನು ಕಿಟಕಿಯಾಚೆ ನೋಡುತ್ತಿದ್ದೆ. ಸೇತುವೆ ದಾಟಿದೆವು. ಆಮೇಲೆ ಅವಳು ಕಾರು ನಿಲ್ಲಿಸಿ ಸ್ಟೀರಿಂಗ್ ಮೇಲೆ ತಲೆಯಿಟ್ಟಳು.

"ಬೈದುಬಿಡಬೇಕಿತ್ತು ಮಾವ. ಅವತ್ತೇ ಕಪಾಳಕ್ಕೆ ಹೊಡೀಬೇಕಿತ್ತು."

"ಹೊಡೆದ್ರೆ ತುಕ್ಕು ವಾಪಸ್ ಬರ್ತಿತ್ತಾ?"

"ನಾಳೆ ಹೋಗಿ ನಾನೇ ಅಂತ ಹೇಳ್ತೀನಿ."

"ಹೇಳಿದ್ರೆ ಈ ಊರಲ್ಲಿ ಸಾಯೋವರೆಗೂ ನೀನು ಕತ್ತಿ ತಿಕ್ಕಿದ ಸೊಸೆ. ನಾನಾದ್ರೆ ಎಷ್ಟು ದಿನ ಇರ್ತೀನಿ? ಹೆಸರು ಕಳ್ಕೊಳ್ಳೋಕೆ ಮುದುಕರೇ ಸರಿ." ಮತ್ತೆ ಅಂದರು: "ಬುಡಕ್ಕೆ ಎಣ್ಣೆ ಸೋಕಿಸ್ಬೇಡ. ಆಗಾಗ ನೋಡ್ತಿರು. ಮುನ್ನೂರು ವರ್ಷ ಬಿಟ್ರೆ ಎಲ್ಲ ಸರಿಹೋಗುತ್ತೆ." ಅಳುತ್ತಿದ್ದವಳಿಗೆ ನಗು ಬಂದು, ಎರಡೂ ಒಟ್ಟಿಗೆ ಆಗಿ, ಮೂಗು ಒರೆಸಿಕೊಂಡು ಅವಳು ಕಾರು ಓಡಿಸಿದಳು.

ಮುಂದೆ ಪೀಠದಲ್ಲಿ ಉಸುಕಿಯವರು ಕೂತರು. ಡಾಕ್ಟರು ಹೊಸಬರ ಸಾಲಿನಲ್ಲಿ, ಕೊನೆಯ ಚಾಪೆಯ ಮೇಲೆ, ಗುಂಡಿಯಿಲ್ಲದ ಕೋಟಿನಲ್ಲಿ ಕೂತು ಚೀಟಿ ಬರೆದುಕೊಡುತ್ತಿದ್ದರು. ಅವರ ಉತ್ತರ ಸರಿಯಾದಾಗಲೂ ಉಸುಕಿಯವರು "ಬೆಳಕು ಸಾಲ್ದು" ಎಂದು ಸೇಡು ತೀರಿಸಿಕೊಳ್ಳುತ್ತಿದ್ದರು, ಡಾಕ್ಟರು ಎಲ್ಲರಿಗಿಂತ ಮೊದಲು ನಗುತ್ತಿದ್ದರು. ಅವರ ಪಕ್ಕದಲ್ಲಿ ಚಿಗುಸಾ. ಎರಡನೆಯ ವಸಂತದ ಹೊತ್ತಿಗೆ ಅವಳು ನಮ್ಮಲ್ಲಿ ಹಲವರಿಗಿಂತ ಚೆನ್ನಾಗಿ ಊಹಿಸುತ್ತಿದ್ದಳು.

ಕಳೆದ ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅವಳು ನನ್ನನ್ನು ಕರೆಸಿದಳು. ಡಾಕ್ಟರ ಕೈ ಈಗ ನಡುಗುತ್ತದೆ. ಬಲ್ಬು ಹಾಕಿದವಳೂ ಹಿಡಿ ಕಳಚಿದವಳೂ ಅವಳೇ. ಮೂವರೂ ತಲೆಬಾಗಿದೆವು. ಬುಡದ ಹೊಳಪು ಎಲ್ಲ ಕಡೆ ಒಂದಿಷ್ಟು ಮಂಕಾಗಿತ್ತು. ಅವಳು ಮಾತಾಡದೆ ಬೆರಳು ತೋರಿಸಿದಳು: ಕಮ್ಮಾರನ ಹೆಸರಿನ ಉಳಿಗೀರಿನ ಒಂದು ಮೂಲೆಯಲ್ಲಿ, ಚಹಾ ಲೋಟದ ತಳದಲ್ಲಿ ಉಳಿಯುವ ಕರೆಯಷ್ಟು ತೆಳುವಾಗಿ, ಕಂದು.

"ಬಂತು!" ಎಂದು ಕೂಗಿದರು ಮಿನೆಗಿಶಿ ಡಾಕ್ಟರು. ಬೆತ್ತಲೆ ಅಲಗಿನ ಮೇಲೆ, ಬಾಯಿ ದೊಡ್ಡದಾಗಿ ತೆರೆದು, ಜೀವಮಾನದಲ್ಲಿ ಮೊದಲ ಸಲ. "ಬಂತು ಕಣಮ್ಮ, ಬಂತು!"

ಚಿಗುಸಾ ಒಡನೆ ಮೆತ್ತನೆ ಕಾಗದ ತೆಗೆದು ಅಲಗಿನ ಮೇಲೆ ಬಿದ್ದ ಹನಿಯನ್ನು ಒತ್ತಿ ತೆಗೆದಳು. ಹುಬ್ಬು ಗಂಟಿಕ್ಕಿ, "ಮಾವ, ಬಾಯಿ ಮುಚ್ಚಿ" ಎಂದಳು.

ಹಳೆಯ ವಸ್ತುಗಳನ್ನು ಕೂಡಿಡುವವರನ್ನು ಲೋಕ ಜಿಪುಣರೆಂದೂ, ಸತ್ತವರ ಸಾಮಾನಿನ ಕಾವಲುಗಾರರೆಂದೂ ಹಾಸ್ಯ ಮಾಡುತ್ತದೆ. ನಾನೂ ಹಲ್ಲುನೋವು ಬರುವವರೆಗೆ ಮಾಡಿದವನೇ. ಈಗ ನನಗೆ ಅನ್ನಿಸುವುದಿಷ್ಟು: ಏಳುನೂರು ವರ್ಷ ಬಾಳಿದ ವಸ್ತುವನ್ನು ದಿನವೂ ನೋಡುವ ಜನರಲ್ಲಿ ಕೆಲವರಾದರೂ ತಮ್ಮ ಹೆಸರು ಎಷ್ಟು ಸಣ್ಣದೆಂದು ನಿಧಾನವಾಗಿ ಕಲಿಯುತ್ತಾರೆ. ಅಂಥವರು ವಸ್ತುವನ್ನು ಇಟ್ಟುಕೊಳ್ಳುವುದಿಲ್ಲ, ಅದನ್ನು ಮುಂದಿನವರಿಗೆ ದಾಟಿಸುತ್ತಾರೆ, ಮತ್ತು ದಾಟಿಸುವ ಕೈ ಯಾವುದಿರಬೇಕೆಂದು ಅದರ ಮೊದಲ ತಪ್ಪಿನಲ್ಲೇ ಗುರುತಿಸಿಬಿಡುತ್ತಾರೆ. ಆ ಕತ್ತಿ ಈಗ ಚಿಗುಸಾಳದು.