ಚಿಕ್ಕದೇಶದ ಒಪ್ಪಿಗೆ

ವಿದೇಶಾಂಗ ನೀತಿ ಸಂಸ್ಥೆಯಲ್ಲಿ ಅವನ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ಅವನು ಚಿಕ್ಕದೇಶ. ಕ್ಯಾಂಟೀನಿನವನು ಕೂಡ ‘ಚಿಕ್ಕದೇಶಕ್ಕೊಂದು ಟೀ’ ಎಂದೇ ಕೂಗುತ್ತಿದ್ದ.

ಇದಕ್ಕೆ ಕಾರಣ ಅಲ್ಲಿನ ಕೆಲಸದ ರೀತಿ. ಎಲ್ಲೇ ಗಡಿಜಗಳ ಹತ್ತಿಕೊಳ್ಳಲಿ, ಇಲ್ಲಿನ ವಿದ್ವಾಂಸರು ತಲೆಗೊಂದು ದೇಶ ಹಂಚಿಕೊಂಡು ಮೇಜಿನ ಸುತ್ತ ಕೂತು ಅಣಕು ಮಾತುಕತೆ ನಡೆಸುತ್ತಿದ್ದರು. ಎಲ್ಲರೂ ‘ಒಪ್ಪಿದೆ’ ಅಂದರೆ ಅದೇ ಸಲಹೆ ಸರ್ಕಾರಕ್ಕೆ ಹೋಗುತ್ತಿತ್ತು, ಸರ್ಕಾರ ಕಣ್ಣು ಮುಚ್ಚಿ ಹಾಗೇ ನಡೆಯುತ್ತಿತ್ತು. ಒಬ್ಬರು ‘ಒಪ್ಪಲ್ಲ’ ಅಂದರೂ ಸಾಕು, ಆ ಪ್ರಸ್ತಾಪ ಅಲ್ಲಿಗೇ ಬಿದ್ದುಹೋಗುತ್ತಿತ್ತು. ದೇಶಗಳ ಹಂಚಿಕೆ ಹೇಗೆ ಅಂತೀರಾ? ಸಂಬಳದ ಪ್ರಕಾರ! ನಿರ್ದೇಶಕರು ಯಾವಾಗಲೂ ನಮ್ಮ ದೇಶ, ಉಪನಿರ್ದೇಶಕಿ ಎದುರಾಳಿ ದೊಡ್ಡ ದೇಶ. ಇಬ್ಬರ ನಡುವೆ ಸಿಕ್ಕಿ ನಜ್ಜುಗುಜ್ಜಾಗುವ ದೇಶ ಯಾವುದಿದ್ದರೂ ಅದು ಇವನ ಪಾಲಿಗೆ ಕಟ್ಟಿಟ್ಟದ್ದು. ಮೇಜು ಗುದ್ದುವ ಹಕ್ಕು ದೊಡ್ಡ ದೇಶಗಳಿಗೆ ಮಾತ್ರ, ಚಿಕ್ಕವು ಕಳವಳ ವ್ಯಕ್ತಪಡಿಸಬಹುದಿತ್ತು.

ಈ ಸಲ ಜಗಳಕ್ಕೆ ಸಿಕ್ಕಿದ್ದು ಅವನ ಹೆಂಡತಿಯ ತವರುದೇಶ. ಎದುರಾಳಿ ಬರುವ ಮೊದಲೇ ನಮ್ಮ ಸೈನ್ಯ ಅಲ್ಲಿನ ಕಣಿವೆಯಲ್ಲಿ ‘ತಾತ್ಕಾಲಿಕವಾಗಿ’ ಹೋಗಿ ಕೂರಬೇಕೆಂಬುದು ಪ್ರಸ್ತಾಪ. ಆ ಕಣಿವೆಯ ಸೇತುವೆ ಪಕ್ಕದಲ್ಲೇ ಅತ್ತೆಯ ಮನೆ.

ಬೆಳಗ್ಗೆ ಊಟದ ಡಬ್ಬಿ ಕೊಡುತ್ತಾ ಹೆಂಡತಿ ಹೇಳಿದ್ದಳು: “ರೀ, ಒಪ್ಪಲ್ಲ ಅನ್ನಿ. ಒಂದೇ ಮಾತು, ಅಷ್ಟು ಸಾಕು.”

“ಹೇಳ್ತೀನಿ ಕಣೇ. ನನ್ನನ್ನ ಏನಂದ್ಕೊಂಡಿದೀಯ?”

“ಗೊತ್ತಿರೋದಕ್ಕೇ ಹೇಳ್ತಾ ಇರೋದು,” ಎಂದಳು ಆಕೆ.

ಸಭೆ ಶುರುವಾಯಿತು. ನಿರ್ದೇಶಕರು ಸಣ್ಣ ರಾಷ್ಟ್ರಗಳ ಸ್ವಾತಂತ್ರ್ಯ ಎಷ್ಟು ಪವಿತ್ರ ಎಂದು ಗಂಟಲು ಗದ್ಗದವಾಗುವವರೆಗೆ ಮಾತಾಡಿ, ಆದ್ದರಿಂದ ಸೈನ್ಯ ಕಳಿಸೋಣ ಎಂದರು. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದರಲ್ಲಿ ಅವರದು ಎತ್ತಿದ ಕೈ. ಉಪನಿರ್ದೇಶಕಿ ಎದುರಾಳಿಯ ಪರವಾಗಿ ಮೇಜು ಗುದ್ದಿ ಆಮೇಲೆ ನಕ್ಕು, ಒಪ್ಪಿದೆ ಎಂದರು. ಅವರ ದೇಶಕ್ಕೆ ಕಣಿವೆಯ ಆಚೆಬದಿ ಸಿಗುವುದಿತ್ತು. ಚಿಕ್ಕದೇಶ ಕೈಯೆತ್ತಿದ. “ನಿಮ್ಮದು ಟೀ ಆದಮೇಲೆ,” ಎಂದರು ಇಬ್ಬರೂ ಒಟ್ಟಿಗೆ. ಇಷ್ಟು ಹೊತ್ತು ಹಾವು ಮುಂಗುಸಿಯ ಹಾಗೆ ಕಚ್ಚಾಡಿದವರು!

ಟೀ ಕುಡಿಯುವಾಗ ನಿರ್ದೇಶಕರು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. ಹಿಂದೆಂದೂ ಇಟ್ಟ ಕೈಯಲ್ಲ ಅದು.

“ಉಪನಿರ್ದೇಶಕಿಯವರು ಸದ್ಯದಲ್ಲೇ ನಿವೃತ್ತಿ ಆಗ್ತಾರೆ. ದೊಡ್ಡ ದೇಶದ ಕುರ್ಚಿ ಖಾಲಿಯಾಗತ್ತೆ ನೋಡಿ. ಮೇಜು ಗುದ್ದಿ ಅಭ್ಯಾಸ ಇದೆಯೇನ್ರೀ?”

“ಮನೇಲಿ ಒಂದ್ಸಲ ಗುದ್ದಿದ್ದೆ ಸರ್. ಇನ್ನೊಂದ್ಸಲ ಗುದ್ದಿ ನೋಡೋಣ ಅಂದ್ಲು. ಬಿಟ್ಬಿಟ್ಟೆ.”

“ಇಲ್ಲಿ ಯಾರೂ ಹಾಗನ್ನಲ್ಲ. ಹೊಂದ್ಕೊಂಡು ಹೋಗೋರು ಬೇಕಷ್ಟೆ.”

ಮತ್ತೆ ಎಲ್ಲರೂ ಕೂತರು. “ಚಿಕ್ಕದೇಶ ಏನನ್ನತ್ತೆ?” ಎಂದು ನಿರ್ದೇಶಕರು ಕೇಳಿದರು. ಅವನಿಗೆ ಅತ್ತೆಯ ಮುಖ ಕಣ್ಣಮುಂದೆ ಬಂತು. ಬಾಣಂತನಕ್ಕೆ ಬಂದಾಗ ಮಗಳಿಗಿಂತ ಮೊದಲು ಅಳಿಯನಿಗೆ ಬಡಿಸಿದ ಹೆಂಗಸು. ಎದುರಿಗೆ ಉಪನಿರ್ದೇಶಕಿಯ ಮೆತ್ತೆಯ ಕುರ್ಚಿಯೂ ಕಂಡಿತು. ಹಾಳಾದ ಕುರ್ಚಿ!

“ಒಪ್ಪಿದೆ,” ಎಂದ. “ಆದರೆ ತೀವ್ರ ಕಳವಳದೊಂದಿಗೆ.”

“ಎಂಥಾ ಪ್ರಬುದ್ಧತೆ!” ಎಂದು ನಿರ್ದೇಶಕರು ಚಪ್ಪಾಳೆ ತಟ್ಟಿದರು. ಅವನಿಗೆ ನಾಚಿಕೆಯಾಯಿತು, ಇಲ್ಲವೆನ್ನಲಾಗದು. ಆದರೆ ಸಂತೋಷವೇ ಒಂದು ತೂಕ ಹೆಚ್ಚಾಗಿತ್ತು.

ಸಂಜೆ ಹೆಂಡತಿ ಬಾಗಿಲಲ್ಲೇ ಕೇಳಿದಳು: “ಒಪ್ಪಲ್ಲ ಅಂದ್ರಾ?”

“ನೋಡು, ಅಲ್ಲಿ ಹಾಗೆಲ್ಲಾ ನೇರವಾಗಿ ಅನ್ನೋದಲ್ಲ. ನಮ್ಮ ನಿಲುವನ್ನ ದಾಖಲೆ ಮಾಡಿದೀನಿ.”

ಅವಳು ಅವನ ಕೈಯಿಂದ ಊಟದ ಡಬ್ಬಿ ತೆಗೆದುಕೊಂಡು ಒಳಗೆ ಹೋದಳು. ಬೈದಿದ್ದರೆ ಎಷ್ಟೋ ವಾಸಿ ಎನ್ನಿಸಿತು ಅವನಿಗೆ.

ವಾರ ಕಳೆಯುವಷ್ಟರಲ್ಲಿ ಸೈನ್ಯ ಕಣಿವೆಗೆ ಇಳಿಯಿತು. ಜನ ನಗುನಗುತ್ತಾ ಸ್ವಾಗತಿಸಿದರೆಂದು ಟೀವಿಯವರು ಹೇಳಿದರು. ರಜದ ದಿನ ಮಧ್ಯಾಹ್ನ ಅತ್ತೆಯ ಫೋನು ಬಂತು.

“ಅಳಿಯಂದಿರೇ, ನಿಮ್ಮ ಕಡೆ ಸೈನ್ಯದ ಸಾಹೇಬ್ರು ನಮ್ಮನೇಲಿ ಇಳ್ಕೊಂಡ್ರು. ತಾತ್ಕಾಲಿಕವಂತೆ. ನಮ್ಮನ್ನ ಕೊಟ್ಟಿಗೇಲಿರಿ ಅಂದ್ರು. ಆಮೇಲೆ ಕೊಟ್ಟಿಗೆಗೆ ಜೀಪು ಬಂತು.”

“ಅತ್ತೆ, ಪರಿಸ್ಥಿತಿಯನ್ನ ಸೂಕ್ಷ್ಮವಾಗಿ ಗಮನಿಸ್ತಾ ಇದೀವಿ…”

“ಅಯ್ಯೋ, ನನಗದೆಲ್ಲಾ ತಿಳಿಯಲ್ಲಪ್ಪ. ನಿಮ್ಮ ಮನೆ ಕೆಳಗೇ ಇದೀವಿ. ಮೇಲೆ ಬರಬಹುದಾ?”

ಅವನು ಕಿಟಕಿಯಿಂದ ಬಗ್ಗಿ ನೋಡಿದ. ಲಾರಿಯೊಂದು ನಿಂತಿತ್ತು. ಅದರಿಂದ ಗಂಟುಮೂಟೆ, ಮುದುಕರು, ಕಂಕುಳಲ್ಲಿ ಮಕ್ಕಳು, ಕೊನೆಗೆ ಒಂದು ಮೇಕೆ ಇಳಿದವು.

ಮೆಟ್ಟಿಲು ಹತ್ತಿ ಬಂದವರು ಗೋಡೆಗೆ ಒತ್ತಿ, ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಂಡು ನೆಲದ ಮೇಲೆ ಕೂತರು. ಅತ್ತೆಯ ಕಾಲು ಊದಿಕೊಂಡಿತ್ತು. ಆದರೂ ನೆರೆಯವರ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದಳು: “ದಾರೀಲಿ ಹೇಳ್ತಾ ಇದ್ನಲ್ಲ, ಇವರೇ ನಮ್ಮ ಅಳಿಯಂದಿರು. ಆ ದೊಡ್ಡ ಸಭೇಲಿ ನಮ್ಮ ಪರವಾಗಿ ಕೂತಿದ್ದೋರು ಇವರೊಬ್ಬರೇ. ಇವರ ಮಾತು ನಡೀಲಿಲ್ಲ, ಏನ್ಮಾಡೋದು, ನಮ್ಮ ಹಣೇಬರಹ.”

ಮುದುಕನೊಬ್ಬ ಅವನಿಗೆ ಕೈಮುಗಿದ. ಉಳಿದವರೂ ಮುಗಿದರು.

ಹೆಂಡತಿ ಬಾಗಿಲು ಹಾಕಿ, ಅದಕ್ಕೇ ಬೆನ್ನು ಕೊಟ್ಟು ನಿಂತಳು.

“ಏನು ಮಾತಾಡಿದ್ರಿ ಅಂತ ಹೇಳ್ರೀ,” ಎಂದಳು. “ಎಲ್ಲರೂ ಕೇಳ್ತಾ ಇದ್ದಾರೆ.”