ಪೆನಾಲ್ಟಿ ಯಾರು ಒದೆಯಬೇಕಿತ್ತು

ಭಾಲ್ಕಿಯ ಪ್ರಮಿಲಾ ಅವರ ಮನೆಯಂಗಳದಲ್ಲಿ ಕೈಲಾಶನ ತಲೆಗೆ ಕೇಸರಿ ಫೇಟಾ ಸುತ್ತುತ್ತಿದ್ದರು. ಔರಾದ ತಾಲೂಕಿನ ಎಕಂಬಾದಲ್ಲಿ ಹುಟ್ಟಿದವನು, ಈಗ ದೇಶದ ದೊಡ್ಡ ಫುಟ್‌ಬಾಲ್ ಕ್ಲಬ್ಬೊಂದರ ಕ್ಯಾಪ್ಟನ್. ಅಂಥವನು ಓಣಿಗೆ ಬಂದರೆ ಬರಿದಲೆಯಲ್ಲಿ ಕಳಿಸುವುದುಂಟೆ? ಫೇಟಾದ ತಟ್ಟೆ ಹಿಡಿದು ನಿಂತಿದ್ದವನು ಪ್ರಮಿಲಾ ಅವರ ಮಗ ನಿತಿನ. ಕೈಲಾಶನಿಗೆ ಅವನ ಮುಖ ನೋಡುವ ಧೈರ್ಯ ಬರಲಿಲ್ಲ.

ನಿತಿನನೂ ಅದೇ ಕ್ಲಬ್ಬಿನ ಆಟಗಾರ. ಈ ಸಲದ ಫೈನಲ್ ಇನ್ನೇನು ಮುಗಿಯಬೇಕು ಎನ್ನುವಾಗ ಪೆನಾಲ್ಟಿ ಸಿಕ್ಕಿತ್ತು. ಅವರ ತಂಡದಲ್ಲಿ ಪೆನಾಲ್ಟಿ ಒದೆಯುವವನು ಯಾವಾಗಲೂ ಕ್ಯಾಪ್ಟನ್ನೇ. ಅವತ್ತು ಮಾತ್ರ ಕೈಲಾಶ ಚೆಂಡನ್ನು ತಂದು ನಿತಿನನ ಕೈಗಿಟ್ಟ. ನಿತಿನ ಒದ್ದದ್ದು ಗೋಲಿನ ಮೇಲಿಂದ ಹಾರಿಹೋಯಿತು, ಕಪ್ ಕೈತಪ್ಪಿತು. ಕೈಲಾಶ ಓಡಿಹೋಗಿ ಅವನನ್ನು ಅಪ್ಪಿಕೊಂಡ. ಕಿರಿಯರ ಮೇಲೆ ಇಷ್ಟು ಭರವಸೆ ಇಡುವ ನಾಯಕ ಇನ್ನೊಬ್ಬನಿಲ್ಲ ಎಂದು ಟಿವಿಯವರು ಹೊಗಳಿದ್ದೇ ಹೊಗಳಿದ್ದು. ನಿತಿನನಿಗೆ ಸಿಕ್ಕಿದ್ದು ಫೋನಿನ ತುಂಬ ಬೈಗುಳ. ಊರಿಗೆ ಬಂದವನು ತಿರುಗಿ ಹೋಗದೆ ಬೀದರದ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಗೋದಾಮಿನ ಕೆಲಸ ಹಿಡಿದ. ಅವನನ್ನು ಕರೆತರಲು ಕೋಚ್ ಕೈಲಾಶನನ್ನೇ ಕಳಿಸಿದ್ದರು.

"ನೀವ್ ಅವತ್ತ ಅಪ್ಕೊಂಡಿದ್ದಕ್ಕ ನನ್ನ ಮಗ ಉಳ್ದಾನ್ರಿ ಸಾಹೇಬ್ರ," ಎಂದರು ಪ್ರಮಿಲಾ. "ಪೇಪರಿನ್ಯಾಗ ಬಂದ ಆ ಫೋಟೋ ದೇವರ ಬಾಜೂಕ ಇಟ್ಟೀನಿ."

"ಸಾಹೇಬ್ರ ಅನಬ್ಯಾಡ್ರಿ ಕಾಕೂ. ನಾ ಇಲ್ಲೇ ಔರಾದ ಕಡಿಯಾಂವ."

"ಅದಕ್ಕಽ ಹೋಳಿಗಿಗಿ ತುಪ್ಪ ಜಾಸ್ತಿ ಹಾಕೀನಿ. ತುಪ್ಪ ಕಮ್ಮಿ ಆದ್ರ ಔರಾದದವ್ರು ಊರಿಗಿ ಹೋಗಿ ಆಡ್ಕೋತಾರ!"

ಎಲ್ಲರೂ ನಕ್ಕರು. ಕೈಲಾಶ ಅರ್ಧ ಹೋಳಿಗೆ ತಟ್ಟೆಯಲ್ಲೇ ಬಿಟ್ಟು ಎದ್ದ. ಕೈ ತೊಳೆದವನೇ ನಿತಿನನನ್ನು ಮಾಳಿಗೆಗೆ ಕರೆದುಕೊಂಡು ಹೋದ.

"ಭರೋಸಾ ಇಟ್ಟು ಚೆಂಡು ಕೊಡ್ಲಿಲ್ಲೋ ನಿತಿನ. ಅಂಜಿ ಕೊಟ್ಟೆ. ನಾ ಮಿಸ್ ಮಾಡಿದ್ರ ಇಷ್ಟು ವರ್ಷದ ಹೆಸರು ಮಣ್ಣಪಾಲು ಆಗ್ತದಂತ ಅಂಜಿದೆ."

"ಗೊತ್ತದರಿ ಅಣ್ಣಾ. ಕೊಡುವಾಗ ನೀವ್ ನನ್ನ ಮಾರಿ ನೋಡ್ಲಿಲ್ಲ."

"ಗೊತ್ತಿದ್ದೂ ಯಾಕ ತಗೊಂಡಿ?"

"ಕ್ಯಾಪ್ಟನ್ ಕೊಟ್ರ ಒಲ್ಲೆ ಅನ್ಲಿಕ್ಕ ಬರ್ತದೇನ್ರಿ? ಮಿಸ್ ಮಾಡ್ದಾಂವ ನಾನೇ, ಅದು ನಿಮ್ಮ ಮ್ಯಾಲ ಹಾಕಂಗಿಲ್ಲ. ಆದ್ರ ಕ್ಯಾಮೆರಾ ಮುಂದ ಅಪ್ಕೊಂಡ್ರಿ ನೋಡ್ರಿ, ಅದು ತಡಕೊಳ್ಳಲಿಕ್ಕ ಆಗವಲ್ದು. ಅವ್ವ ದಿನಾ ಅದಕ್ಕ ಹೂವ ಏರಸ್ತಾಳ."

"ಈಗ ಕೆಳಗ ಹೋಗಿ ಎಲ್ಲಾರ ಮುಂದ ಖರೇ ಹೇಳ್ತೇನಿ."

"ಹೇಳ್ರಿ. ಎಷ್ಟ ದೊಡ್ಡ ಮನಸು ಅಂತ ಮತ್ತ ನಿಮಗೇ ಚಪ್ಪಾಳಿ ಹೊಡೀತಾರ."

ಮೆಟ್ಟಿಲ ಕಡೆ ಹೊರಟಿದ್ದ ಕೈಲಾಶ ಅಲ್ಲೇ ನಿಂತ. ತಪ್ಪನ್ನು ಒಪ್ಪಿಕೊಂಡರೂ ಲಾಭ ತನಗೇ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

"ಆಟ ಬಿಡಂಗಿಲ್ರಿ ನಾ," ನಿತಿನ ತಣ್ಣಗೆ ಹೇಳಿದ. "ಗೋವಾದ ಟೀಮಿನವ್ರು ಕರೀಲಿಕ್ಕತ್ತಾರ. ನಿಮ್ಮ ಕೈಕೆಳಗ ಮಾತ್ರ ಆಡಂಗಿಲ್ಲ. ನನ್ನ ಬಿಟ್ಟುಕೊಡ್ರಿ ಅಂತ ಕೋಚ್‌ಗ ಹೇಳ್ರಿ, ಸಾಕು."

ಅಷ್ಟು ಹೇಳಿ ಅವನು ಕೆಳಗಿಳಿದು ಹೋದ. ಕೈಲಾಶ ಕೋಚ್‌ಗೆ ಫೋನು ಹಚ್ಚಿದ. ಹುಡುಗ ಬರುವುದಿಲ್ಲ, ಅವನನ್ನು ಗೋವಾಕ್ಕೆ ಬಿಟ್ಟುಕೊಡಿ ಎಂದ. ನೀನು ಕರೆದರೂ ಬರುವುದಿಲ್ಲವೆ, ಅಂಥದ್ದೇನಾಯಿತು ಎಂದು ಕೋಚ್ ಕೇಳಿದರು. ಕೈಲಾಶ ಸುತ್ತ ನೋಡಿದ. ಮಾಳಿಗೆಯ ಮೇಲೆ ಚಪ್ಪಾಳೆ ಹೊಡೆಯುವವರು ಯಾರೂ ಇರಲಿಲ್ಲ. ಅವತ್ತು ತಾನು ಅಂಜಿದ್ದನ್ನು ಒಂದೂ ಬಿಡದೆ ಹೇಳಿದ. ಆಮೇಲೆ ಫೋನು ಇಡದೆ, ಕೋಚ್ ಏನು ಹೇಳಿದರೂ ಕೇಳಲು ನಿಂತ.